ಅಳತೆ ಸರಿ ಇದ್ದರೂ ಡ್ರಾಯಿಂಗ್ ಯಾಕೆ ಓದಿಸಿಕೊಳ್ಳುವುದಿಲ್ಲ?

ಪ್ರಶ್ನೆ: ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ಮೊದಲ ವರ್ಷದಲ್ಲಿದ್ದೇನೆ. ನನ್ನ ಪ್ಲ್ಯಾನ್, ಸೆಕ್ಷನ್‌ಗಳಲ್ಲಿ ಅಳತೆ ತಪ್ಪಿರುವುದಿಲ್ಲ, ಶೀಟೂ ಚೊಕ್ಕಟವಾಗಿರುತ್ತದೆ. ಆದರೂ ಶೀಟುಗಳನ್ನು ವಿಮರ್ಶಿಸುವ ಜ್ಯೂರಿಯಲ್ಲಿ ‘ಎಲ್ಲ ಸಪಾಟು, ಓದಲಾಗುತ್ತಿಲ್ಲ’ ಎನ್ನುತ್ತಾರೆ. ಎಲ್ಲಿ ತಪ್ಪುತ್ತಿದೆ?
(ವಿದ್ಯಾರ್ಥಿನಿ, ಮೈಸೂರು)

ಉತ್ತರ: ಎಲ್ಲ ಗೆರೆಗಳೂ ಒಂದೇ ದಪ್ಪ ಇರುವ ಲಕ್ಷಣ ಇದು. ಕಟ್ಟಡವನ್ನು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ ಅಡ್ಡಲಾಗಿ ಕೊಯ್ದು, ಮೇಲಿನ ಭಾಗ ಎತ್ತಿಟ್ಟು ಕೆಳಗೆ ನೋಡಿದರೆ ಕಾಣುವುದೇ ಪ್ಲ್ಯಾನ್; ಮೇಲಿಂದ ಕೆಳಕ್ಕೆ ಕೊಯ್ದು ಪಕ್ಕದಿಂದ ನೋಡಿದರೆ ಕಾಣುವುದು ಸೆಕ್ಷನ್. ಕೊಯ್ತಕ್ಕೆ ಸಿಕ್ಕ ಗೋಡೆ, ಕಂಬಗಳ ಗೆರೆ ಅತಿ ದಪ್ಪ. ಅದರ ಕೆಳಗೆ ಕಾಣುವ ಮೆಟ್ಟಿಲು, ಜಗಲಿಕಟ್ಟೆ, ಕಿಟಕಿಯ ಸಿಲ್ ಮಧ್ಯಮ. ನೆಲಹಾಸು, ಪೀಠೋಪಕರಣ, ಹ್ಯಾಚ್ (ಜಾಗ ತುಂಬುವ ಒತ್ತುಗೆರೆಗಳು) ತೆಳು. ಕೊಯ್ತಕ್ಕಿಂತ ಮೇಲಿರುವ ತೊಲೆ, ಸಜ್ಜಾ, ಸೂರಿನ ಅಂಚಿಗೆ ತುಂಡುಗೆರೆ.

1:50 ಸ್ಕೇಲಿಗೆ (ನಿಜದ ಅಳತೆಯ ಐವತ್ತರಲ್ಲಿ ಒಂದು ಪಾಲು) 0.5, 0.25, 0.1 ಮಿ.ಮೀ.ನ ಮೂರು ಪೆನ್ನು ಸಾಕು. ಒಂದಕ್ಕಿಂತ ಇನ್ನೊಂದು ಇಮ್ಮಡಿಯಾದರೂ ಇರಲಿ, 0.3 ಮತ್ತು 0.4ರ ವ್ಯತ್ಯಾಸ ಗೋಡೆಗೆ ಅಂಟಿಸಿದ ಶೀಟಿನಲ್ಲಿ ತಿಳಿಯುವುದೇ ಇಲ್ಲ. ಹಾಗೆಂದು ದಪ್ಪದ ಆಸೆಗೆ 0.8 ಹಿಡಿಯಬೇಡಿ. 1:100ರಲ್ಲಿ 115 ಮಿ.ಮೀ. ಗೋಡೆ ಶೀಟಿನ ಮೇಲೆ 1.15 ಮಿ.ಮೀ. ಮಾತ್ರ. ಎರಡೂ ಅಂಚಿಗೆ 0.8ರ ಗೆರೆ ಬಿದ್ದರೆ ನಡುವೆ ಉಳಿಯುವುದು 0.35. ಅದು ಗೋಡೆಯೂ ಅಲ್ಲ, ಗೆರೆಯೂ ಅಲ್ಲ ಎಂಬಂತೆ ಕಾಣುತ್ತದೆ. 1:200ಕ್ಕೆ ಇಳಿದರೆ ಗೋಡೆಯನ್ನು ಪೂರ್ತಿ ಕಪ್ಪು ತುಂಬಿಬಿಡುವುದೇ ಲೇಸು.

ಪೆನ್ಸಿಲಿನಲ್ಲಿ ಕೆಲಸವಾದರೆ (ಎಚ್ ಹೆಚ್ಚಿದಷ್ಟೂ ಸೀಸ ಗಟ್ಟಿ, ಗೆರೆ ತಿಳಿ) 2ಎಚ್‌ನಲ್ಲಿ ಹಗುರವಾಗಿ ಚೌಕಟ್ಟು, ಎಚ್‌ನಲ್ಲಿ ಕಾಣುವ ಅಂಚು, ಎಚ್‌ಬಿಯಲ್ಲಿ ಕೊಯ್ತ. ತೆಳುಗೆರೆ ಮೊದಲು, ದಪ್ಪಗೆರೆ ಕೊನೆಗೆ. ಈ ಕ್ರಮ ತಿರುಗಿಸಿದರೆ ಟಿ-ಸ್ಕ್ವೇರ್ (ಟಿ ಆಕಾರದ ಗೆರೆಪಟ್ಟಿ) ಗ್ರಾಫೈಟನ್ನು ಶೀಟಿನ ಉದ್ದಕ್ಕೂ ಎಳೆದುಕೊಂಡು ಹೋಗುತ್ತದೆ. ಗೆರೆ ಎಳೆಯುವಾಗ ಪೆನ್ಸಿಲನ್ನು ಬೆರಳಲ್ಲಿ ನಿಧಾನ ಉರುಳಿಸಿ, ಇಲ್ಲದಿದ್ದರೆ ಮೊನೆ ಒಂದೇ ಕಡೆ ಸವೆದು ಆರಂಭ ಸಣ್ಣ, ಕೊನೆ ದಪ್ಪ ಆಗುತ್ತದೆ. ಮೂಲೆಗಳಲ್ಲಿ ಗೆರೆಗಳು ಕೂಡಲೇಬೇಕು. ಕೂದಲೆಳೆಯಷ್ಟು ದಾಟಿದರೆ ದೋಷವಿಲ್ಲ, ಮುಟ್ಟದೆ ನಿಂತರೆ ಇಡೀ ಕೋಣೆ ಸಡಿಲ ಕಾಣುತ್ತದೆ. ಸೆಕ್ಷನ್‌ನಲ್ಲಿ ನೆಲದ ಗೆರೆ ಎಲ್ಲಕ್ಕಿಂತ ಭಾರವಾಗಿರಲಿ. ಕಟ್ಟಡಕ್ಕಿಂತ ಮರಗಳನ್ನೇ ಕಪ್ಪಾಗಿ ಬರೆಯುವುದು ಮೊದಲ ವರ್ಷದ ಶೀಟುಗಳಲ್ಲಿ ಬಹಳ ಕಾಣುವ ತಪ್ಪು, ನಿಮ್ಮದರಲ್ಲೂ ಹುಡುಕಿ. ಮುಗಿದ ಮೇಲೆ ಶೀಟಿನ ಫೋಟೊ ತೆಗೆದು ಮೊಬೈಲಿನಲ್ಲಿ ಹೆಬ್ಬೆರಳಿನಷ್ಟು ಕಿರಿದು ಮಾಡಿ ನೋಡಿ. ಗೋಡೆಗಳು ಆಗಲೂ ಎದ್ದು ಕಂಡರೆ ಡ್ರಾಯಿಂಗ್ ಓದಿಸಿಕೊಳ್ಳುತ್ತದೆ.

ಪ್ರಶ್ನೆ: ಎರಡು ಬಿಂದುವಿನ ಪರ್ಸ್ಪೆಕ್ಟಿವ್‌ನಲ್ಲಿ ಕಟ್ಟಡದ ಮುಂದಿನ ಮೂಲೆ ಯಾವಾಗಲೂ ಚೂಪಾಗಿ ಮುಖಕ್ಕೆ ನುಗ್ಗಿದಂತೆ ಬರುತ್ತದೆ. ಯಾಕೆ?
(ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ನೋಡುಗನನ್ನು ಕಟ್ಟಡಕ್ಕೆ ತೀರಾ ಹತ್ತಿರ ನಿಲ್ಲಿಸಿದ್ದೀರಿ. ದೂರ ಸರಿಯುವ ಗೆರೆಗಳು ಹೋಗಿ ಕೂಡುವ ಎರಡೂ ವ್ಯಾನಿಶಿಂಗ್ ಪಾಯಿಂಟ್‌ಗಳನ್ನು ಶೀಟಿನೊಳಗೇ ಕೂರಿಸುವ ಹಟದಿಂದ ಹೀಗಾಗುತ್ತದೆ. ದೃಷ್ಟಿಯ ಶಂಕು (ಕಣ್ಣಿನಿಂದ ಹರಡುವ ನೋಟದ ಕೋನ) 60 ಡಿಗ್ರಿ ದಾಟಿದರೆ ಅಂಚುಗಳು ತಿರುಚುತ್ತವೆ. ನೋಡುಗನಿಗೆ ಕಾಣುವ ಅಗಲದ ಎರಡರಷ್ಟು ದೂರ ನಿಂತರೆ ಕೋನ 30 ಡಿಗ್ರಿಯ ಒಳಗೇ ಉಳಿಯುತ್ತದೆ. 12 ಮೀಟರ್ ಅಗಲ ಕಾಣುವ ಮನೆಗೆ 24 ಮೀಟರ್ ದೂರ. ಮನೆಯ ಎರಡು ಮುಖಗಳನ್ನು 30, 60 ಡಿಗ್ರಿಗೆ ಓರೆಯಾಗಿಟ್ಟರೆ ಬಿಂದುಗಳ ನಡುವಿನ ಅಂತರ ಸುಮಾರು 55 ಮೀಟರ್. ಅದು 1:100ರಲ್ಲಿ 55 ಸೆಂ.ಮೀ., ಎ2 ಹಾಳೆಯ 59.4 ಸೆಂ.ಮೀ. ಉದ್ದದೊಳಗೆ ಕೂರುತ್ತದೆ. 1:50ರಲ್ಲಿ 110 ಸೆಂ.ಮೀ., ಎ1ನಲ್ಲೂ ಹಿಡಿಯುವುದಿಲ್ಲ. ಆದ್ದರಿಂದ ಚಿಕ್ಕದಾಗಿ ಕಟ್ಟಿ, ಜೆರಾಕ್ಸ್‌ನಲ್ಲಿ ಹಿಗ್ಗಿಸಿ, ಬಟರ್ ಪೇಪರ್ (ಅಡಿಯ ಗೆರೆ ಕಾಣುವ ತೆಳು ಹಾಳೆ) ಹಾಸಿ ತೀಡುವುದೇ ಸುಲಭದ ದಾರಿ.

ನಿಜವಾದ ಎತ್ತರವನ್ನು ಪಿಕ್ಚರ್ ಪ್ಲೇನ್ (ಚಿತ್ರ ಮೂಡುವ ಕಲ್ಪಿತ ತೆರೆ) ಮುಟ್ಟುವ ಮೂಲೆಯಲ್ಲಿ ಮಾತ್ರ ಗುರುತಿಸಿ. ಮನುಷ್ಯರನ್ನು ಸೇರಿಸುವಾಗ, ಕಣ್ಣಿನ ಎತ್ತರ 1.6 ಮೀಟರ್ ಹಿಡಿದಿದ್ದರೆ ಸಮನೆಲದ ಮೇಲೆ ನಿಂತ ವಯಸ್ಕರೆಲ್ಲರ ಕಣ್ಣೂ ಹೆಚ್ಚುಕಡಿಮೆ ದಿಗಂತದ ಗೆರೆಯ ಮೇಲೇ ಬರಬೇಕು. ಹತ್ತಿರ, ದೂರಕ್ಕೆ ತಕ್ಕಂತೆ ಮೇಲೆ ಕೆಳಗೆ ಆಗುವುದು ಪಾದಗಳು.

ಪ್ರಶ್ನೆ: ತೊಟ್ಟಿಮನೆಯೊಂದರ ಮೆಷರ್ಡ್ ಡ್ರಾಯಿಂಗ್ (ಇರುವ ಕಟ್ಟಡವನ್ನು ಅಳೆದು ಬರೆಯುವ ನಕ್ಷೆ) ಮಾಡುತ್ತಿದ್ದೇವೆ. ಬೋರ್ಡಿಗೆ ಬಂದು ಕೂತರೆ ಕೋಣೆಗಳ ಅಳತೆ ಹೊರಗಿನ ಅಳತೆಗೆ ತಾಳೆಯಾಗುತ್ತಿಲ್ಲ.
(ವಿದ್ಯಾರ್ಥಿಗಳ ತಂಡ, ಸಾಗರ)

ಉತ್ತರ: ಬಿಡಿಬಿಡಿ ಅಳತೆಗಳನ್ನು ಕೂಡಿಸಿರುತ್ತೀರಿ. ಒಂದೊಂದರಲ್ಲಿ 5 ಮಿ.ಮೀ. ಒಂದೇ ಕಡೆಗೆ ತಪ್ಪಿದರೂ ಹತ್ತು ಅಳತೆಗೆ 50 ಮಿ.ಮೀ. ಆಯಿತು. ಟೇಪಿನ ಸೊನ್ನೆಯನ್ನು ಒಂದು ಮೂಲೆಯಲ್ಲಿ ಹಿಡಿದು, ಬಾಗಿಲು, ಕಂಬ, ಕಿಟಕಿ ಎಲ್ಲವನ್ನೂ ಅಲ್ಲಿಂದಲೇ ಸಾಲಾಗಿ ಓದಿಕೊಳ್ಳಿ. ಮಣ್ಣಿನ ಗೋಡೆಯ ದಪ್ಪವನ್ನು ಒಂದೇ ಬಾಗಿಲಲ್ಲಿ ಅಳೆದು ಎಲ್ಲೆಡೆ ಹಾಕಬೇಡಿ, ಪ್ರತಿ ಬಾಗಿಲಲ್ಲೂ ಅಳೆಯಿರಿ.

ತೊಟ್ಟಿಯ ನಾಲ್ಕು ಬದಿ ಗೊತ್ತಾದ ಮಾತ್ರಕ್ಕೆ ಆಕಾರ ನಿಲ್ಲುವುದಿಲ್ಲ. ಒಂದು ಕರ್ಣ ಅದನ್ನು ಕಟ್ಟಿಹಾಕುತ್ತದೆ, ಇನ್ನೊಂದು ಕರ್ಣ ಪರೀಕ್ಷೆಗೆ. ಎತ್ತರಗಳಿಗೆ ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮನೆಯ ಸುತ್ತ ಒಂದೇ ಮಟ್ಟದ ಗುರುತು ಹಾಕಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಅಳೆಯಿರಿ. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಮಟ್ಟವೇ ಸುಳ್ಳಾಗುತ್ತದೆ. ಎರಡನೇ ಕರ್ಣ ತಾಳೆಯಾದ ಮೇಲೂ ತೊಟ್ಟಿ ಸೊಟ್ಟಗೆ ಬಂದರೆ ಟಿ-ಸ್ಕ್ವೇರಿಗೆ ತಕ್ಕಂತೆ ನೇರ ಮಾಡಬೇಡಿ, ಸೊಟ್ಟಗಿರುವ ಹಾಗೆಯೇ ಬರೆಯಿರಿ.