ಅಂಗಡಿ ಮುಚ್ಚಿದ್ದರೂ ಅಮ್ಮನ ಗೃಹಲಕ್ಷ್ಮಿಗೆ ಜಿಎಸ್‌ಟಿ ಅಡ್ಡ

ತಂದೆ ಅಂಗಡಿ ಮುಚ್ಚಿ ವರ್ಷ ಕಳೆದರೂ ‘ಜಿಎಸ್‌ಟಿ ಪಾವತಿದಾರರು’ ಅಂತ ಅಮ್ಮನ ಗೃಹಲಕ್ಷ್ಮಿ ಅರ್ಜಿ ತಳ್ಳಿದ್ದಾರೆ ಅಂದಿರಿ. ಹೆಚ್ಚಾಗಿ ಆ ಹಳೇ ಜಿಎಸ್‌ಟಿ ನೋಂದಣಿ ಇನ್ನೂ ಜೀವಂತ ಇದೆ. ಶಟರ್ ಎಳೆದ ಮಾತ್ರಕ್ಕೆ ಅದು ರದ್ದಾಗುವುದಿಲ್ಲ, ಲೆಕ್ಕ ಬರೆಯುವವರು ಸುಮ್ನೆ ‘ನಿಲ್’ (ವ್ಯಾಪಾರವೇ ಇಲ್ಲ ಅನ್ನುವ) ರಿಟರ್ನ್ ಹಾಕುತ್ತಲೇ ಇರುತ್ತಾರೆ. ಗಂಡ ಅಥವಾ ಹೆಂಡತಿ, ಯಾರೇ ರಿಟರ್ನ್ ಸಲ್ಲಿಸುತ್ತಿದ್ದರೂ ತಿಂಗಳ ₹2,000 ಸಿಗುವುದಿಲ್ಲ. ಶಕ್ತಿ ಯೋಜನೆಯ ಬಸ್ಸಿಗೆ ಗುರುತಿನ ಚೀಟಿ ತೋರಿಸಿದರೆ ಸಾಕು, ಇಲ್ಲಿ ಜರಡಿ ಹಿಡಿಯಲು ಹೋಗಿ ಹೊಟ್ಟಿನ ಜೊತೆ ಕಾಳೂ ಹೋಗುತ್ತಿದೆ. ನಿಜಕ್ಕೂ ಬೇಜಾರಾಗುತ್ತೆ.

ಮೊದಲು ಜಿಎಸ್‌ಟಿ ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ತಂದೆಯ ಪ್ಯಾನ್ ನಂಬರ್ ಹಾಕಿ ನೋಡಿ, ಲಾಗಿನ್ ಬೇಡ. ನಮ್ಮ ಚಿಕ್ಕಪ್ಪನದು ನೋಡಿದಾಗ, ಬೋರ್ಡ್ ಇಳಿಸಿ ಎಷ್ಟೋ ದಿನವಾದ ಅಂಗಡಿಯ ಎದುರು ‘ಆಕ್ಟಿವ್’ ಅಂತಲೇ ಇತ್ತು. ನಿಮ್ಮದೂ ಹಾಗಿದ್ದರೆ ಬಾಕಿ ರಿಟರ್ನ್ ಮುಗಿಸಿ ರದ್ದತಿಗೆ ಅರ್ಜಿ ಹಾಕಿ. ರದ್ದಾದ ಮೇಲೆ 3 ತಿಂಗಳೊಳಗೆ ಜಿಎಸ್‌ಟಿಆರ್-10 ಅನ್ನುವ ಕೊನೆಯ ರಿಟರ್ನ್ ಸಲ್ಲಿಸಬೇಕು, ಇದನ್ನು ಮರೆತು ಜನ ದಂಡ ಕಟ್ಟುತ್ತಾರೆ.

‘ಕ್ಯಾನ್ಸಲ್ಡ್’ ಅಂತ ತೋರಿಸಿದರೆ ನನ್ನ ಊಹೆ ತಪ್ಪು. ಆಗ ಬ್ಯಾಂಕು ಬಡ್ಡಿಯಲ್ಲಿ ಮುರಿದುಕೊಂಡ ತೆರಿಗೆ (ಟಿಡಿಎಸ್) ವಾಪಸ್ ಪಡೆಯಲು ಯಾರಾದರೂ ಆದಾಯ ತೆರಿಗೆ ರಿಟರ್ನ್ ಹಾಕಿದ್ದಾರಾ ಅಂತ ಮನೆಯಲ್ಲಿ ವಿಚಾರಿಸಿ, ಅದರಿಂದಲೂ ಹೆಸರು ಸಿಕ್ಕಿಕೊಂಡಿರಬಹುದು.

ಕೊನೆಗೆ ರದ್ದತಿ ಆದೇಶ ಅಥವಾ ಕಟ್ಟಬೇಕಾದ ತೆರಿಗೆ ‘ಸೊನ್ನೆ’ ಅಂತಿರುವ ಆದಾಯ ತೆರಿಗೆ ರಿಟರ್ನ್ ಪ್ರತಿ, ರೇಷನ್ ಕಾರ್ಡ್, ಇಬ್ಬರ ಆಧಾರ್ ಹಿಡಿದು ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಅಮ್ಮನನ್ನೂ ಕರೆದುಕೊಂಡು ಹೋಗಿ. ಬಾಯಿಮಾತಲ್ಲಿ ಹೇಳಿ ಬರಬೇಡಿ, ಮನವಿ ಬರೆದು ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ.