ಜಡಿಮಳೆಯಲ್ಲಿ ಮಂಗಳೂರು: ಎಲ್ಲಿಗೆ ಹೋಗಬಹುದು, ಎಲ್ಲಿಗೆ ಬೇಡ

ಮಳೆಗಾಲದಲ್ಲಿ ಮಂಗಳೂರಿಗೆ ಹೊರಟ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಜುಲೈ ನಡುವಿನಲ್ಲಿ ಎರಡು ರಾತ್ರಿ ಮಂಗಳೂರಿನಲ್ಲಿ ಇರುತ್ತೇವೆ. ಜೊತೆಗೆ ಎಪ್ಪತ್ತು ದಾಟಿದ ಅಮ್ಮ, ಇಬ್ಬರು ಮಕ್ಕಳು. ದಸರಾ ಕಳೆದ ಮೇಲೆ ಹೋಗಿ ಎನ್ನುವವರೇ ಎಲ್ಲ. ಮಳೆಯಲ್ಲಿ ನೋಡುವಂಥದ್ದು ಏನಾದರೂ ಇದೆಯೇ? (ದಾವಣಗೆರೆ)

ಇದೆ, ಆದರೆ ನೋಡುವ ಕ್ರಮ ಬದಲಾಗಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದುಬಿಡುತ್ತದೆ. ಹಾಗೆಂದು ಬೆಳಗಿನಿಂದ ರಾತ್ರಿಯವರೆಗೆ ಒಂದೇ ಸಮನೆ ಹೊಯ್ಯುವ ದಿನಗಳು ಕಡಿಮೆ. ಧೋ ಎಂದು ಸುರಿಯುತ್ತದೆ, ಸ್ವಲ್ಪ ಹೊಳವಾಗುತ್ತದೆ, ಮತ್ತೆ ಶುರುವಾಗುತ್ತದೆ. ಮಳೆ ಪೂರ್ತಿ ನಿಂತ ಮೇಲೆ ಹೊರಡೋಣ ಎಂದು ಕೂತರೆ ರೂಮಿನಲ್ಲೇ ಎರಡು ದಿನ ಕಳೆದೀತು. ಹಂಪನಕಟ್ಟ, ಬಲ್ಮಠ, ಕದ್ರಿ, ಬಿಜೈ ಈ ನಡುವೆ ಎಲ್ಲಾದರೂ ವಸತಿ ಹಿಡಿಯಿರಿ. ನೋಡಬೇಕಾದದ್ದರಲ್ಲಿ ಅರ್ಧ ಈ ಸುತ್ತಿನಲ್ಲೇ ಇದೆ, ಹೊಳವಾದಾಗ ಆಟೋ ಹತ್ತಿದರೆ ಮುಂದಿನ ಮಳೆಗೆ ಮೊದಲು ಮತ್ತೊಂದು ಸೂರಿನಡಿ ಇರುತ್ತೀರಿ.

ಹವಾಮಾನ ಇಲಾಖೆಯ ಬಣ್ಣಗಳ ಅರ್ಥ ತಿಳಿದಿರಲಿ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಮಳೆಯ ಸೂಚನೆಯಿದ್ದರೆ ಸಾಮಾನ್ಯವಾಗಿ ಹಳದಿ, 204.4ರವರೆಗೆ ಕಿತ್ತಳೆ, ಅದಕ್ಕೂ ಮೇಲಾದರೆ ಕೆಂಪು. ಹಳದಿ ದಿನ ಮಂಗಳೂರಿನವರಿಗೆ ಮಾಮೂಲಿ ದಿನ, ನಿಮಗೂ ಅಷ್ಟೆ. ಕಿತ್ತಳೆ ದಿನ ಪೇಟೆ ಬಿಟ್ಟು ಹೋಗಬೇಡಿ. ಕೆಂಪು ದಿನ ಕೊಟ್ಟಾರ ಚೌಕಿಯಂಥ ತಗ್ಗಿನ ಕಡೆ ರಸ್ತೆಯ ಮೇಲೇ ನೀರು ನಿಲ್ಲುತ್ತದೆ. ಹೋಟೆಲಿನ ಕಿಟಕಿಯೇ ಆ ದಿನದ ಪ್ರೇಕ್ಷಣೀಯ ಸ್ಥಳ.

ಪ್ರಶ್ನೆ: ಮಕ್ಕಳು ಸಮುದ್ರ ನೋಡಿಲ್ಲ. ಪಣಂಬೂರಿನಲ್ಲಿ ಮೊಣಕಾಲುದ್ದ ನೀರಿಗಾದರೂ ಇಳಿಸಬಹುದೇ? (ಚಿತ್ರದುರ್ಗ)

ಬೇಡ. ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ, ಸುರತ್ಕಲ್, ಎಲ್ಲಿಯೂ ಬೇಡ. ಮಳೆಗಾಲದ ಅಲೆಗಳು ದಡದ ಮರಳನ್ನು ಕೊರೆದು ಕೊಂಚ ದೂರದಲ್ಲಿ ದಿಬ್ಬವಾಗಿ ಗುಡ್ಡೆ ಹಾಕುತ್ತವೆ. ಹೀಗಾಗಿ ದಡ ಕಡಿದಾಗುತ್ತದೆ, ಮೂರು ಹೆಜ್ಜೆ ಮುಂದಿಟ್ಟರೆ ಮೊಣಕಾಲಿನ ನೀರು ಸೊಂಟಕ್ಕೆ ಬರುತ್ತದೆ. ದಡಕ್ಕೆ ನುಗ್ಗಿದ ನೀರೆಲ್ಲ ಆ ದಿಬ್ಬದ ನಡುವಿನ ಸಂದಿಯಲ್ಲಿ ರಭಸವಾಗಿ ಕಡಲಿಗೆ ಮರಳುತ್ತದೆ. ಅದೇ ಸೆಳೆತ. ಮೋಸವಿರುವುದು ಇಲ್ಲೇ: ಸೆಳೆತ ಇರುವ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ನೊರೆ ಕಡಿಮೆ, ನೀರು ಅಕ್ಕಪಕ್ಕಕ್ಕಿಂತ ಶಾಂತವಾಗಿ ಕಾಣುತ್ತದೆ. ಹೊಸಬರು 'ಇಲ್ಲಿ ಪರವಾಗಿಲ್ಲ' ಎಂದು ಆರಿಸಿಕೊಳ್ಳುವುದು ಅದೇ ಜಾಗವನ್ನು. ಯಾರಾದರೂ ಸಿಕ್ಕಿಬಿದ್ದರೆ ದಡದ ಕಡೆಗೆ ಈಜಿ ದಣಿಯಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ತಪ್ಪಿದ ಮೇಲೆ ಒಳಬರಬೇಕು. ಈಜು ಬಾರದವರು ಕಾಪಾಡಲು ಹಿಂದೆಯೇ ಇಳಿಯಬಾರದು, ಜೀವರಕ್ಷಕರನ್ನು ಕೂಗಿ ಕರೆಯಬೇಕು.

ನೋಡುವುದಕ್ಕೇನೂ ಅಡ್ಡಿಯಿಲ್ಲ. ದಡದ ಗಾಳಿಮರಗಳ ಹತ್ತಿರ ನಿಂತು ನೋಡಿ, ಕಂದು ಬಣ್ಣಕ್ಕೆ ತಿರುಗಿದ ಕಡಲಿನ ಅಬ್ಬರ ಬೇಸಿಗೆಯಲ್ಲಿ ಸಿಗುವುದಿಲ್ಲ. ಸೋಮೇಶ್ವರದ ರುದ್ರಪಾದೆಯ ಬಂಡೆಗಳನ್ನು ಮಾತ್ರ ಹತ್ತಬೇಡಿ. ಪಾಚಿ ಒಂದು ಕಾರಣ. ಇನ್ನೊಂದು, ಹತ್ತು ಸಣ್ಣ ಅಲೆಗಳ ನಂತರ ಬರುವ ಒಂದು ದೊಡ್ಡ ಅಲೆ.

ನಮ್ಮನ್ನು ಕೇಳಿದರೆ ಮಳೆಗಾಲದಲ್ಲಿ ಮಂಗಳೂರಿನ ನೀರನ್ನು ಕಡಲ ಬದಿಯಿಂದಲ್ಲ, ಹೊಳೆಯ ಬದಿಯಿಂದ ನೋಡಬೇಕು. ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಗುರುಪುರ ಹೊಳೆಯೊಳಕ್ಕೆ ಯುದ್ಧನೌಕೆಗಳು ನುಗ್ಗದಂತೆ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಪ್ಪುಕಲ್ಲಿನ ಕಾವಲು ಬುರುಜು ಇದು. ದೊಡ್ಡದೇನಲ್ಲ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಮೇಲೆ ಹತ್ತಿ ತೋಪಿನ ಕಿಂಡಿಗೆ ಕಣ್ಣಿಟ್ಟರೆ ಕೆಂಪಗೆ ತುಂಬಿ ಹರಿಯುವ ಹೊಳೆ, ಅದರಾಚೆ ತೆಂಗಿನ ಸಾಲು, ಆ ಸಾಲಿನ ಹಿಂದಿನಿಂದ ಕಡಲಿನ ಮೊರೆತ, ಎಲ್ಲ ಒಟ್ಟಿಗೆ ಸಿಗುತ್ತವೆ. ಇಲ್ಲಿಂದ ಆಚೆ ದಡದ ತಣ್ಣೀರುಬಾವಿಗೆ ದಾಟುದೋಣಿ ಇದೆ. ಹೊಳೆಯಲ್ಲಿ ಸೆಳೆತ ಜಾಸ್ತಿಯಾದರೆ ನಿಲ್ಲಿಸುತ್ತಾರೆ, ಆಗ ಕೂಳೂರು ಸೇತುವೆ ದಾಟಿ ರಸ್ತೆಯಲ್ಲಿ ಸುತ್ತಿಕೊಂಡೇ ಹೋಗಬೇಕು. ಅಮ್ಮನಂಥ ಹಿರಿಯರು ಜೊತೆಗಿದ್ದರೆ ಬುರುಜಿನ ಒದ್ದೆ ಮೆಟ್ಟಿಲು ಬೇಡ, ಕೆಳಗಿನಿಂದಲೂ ಹೊಳೆ ಚೆನ್ನಾಗಿಯೇ ಕಾಣುತ್ತದೆ.

ನೇತ್ರಾವತಿ, ಗುರುಪುರ ಎರಡೂ ಹೊಳೆಗಳು ಕಡಲು ಸೇರುವ ಅಳಿವೆಬಾಗಿಲಿಗೆ ಈ ಕಾಲದಲ್ಲಿ ದೋಣಿಯಲ್ಲಿ ಕರೆದೊಯ್ಯುತ್ತೇನೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇಳಿತದ ಹೊತ್ತಿಗೆ ಹೊರಬರುವ ಹೊಳೆನೀರಿಗೂ ಒಳನುಗ್ಗುವ ಅಲೆಗೂ ಅಲ್ಲಿ ಮುಖಾಮುಖಿ.

ಪ್ರಶ್ನೆ: ದಿನವಿಡೀ ಮಳೆ ಹಿಡಿದರೆ ಸೂರಿನಡಿ ನೋಡುವಂಥದ್ದು ಯಾವುದು? (ಬಳ್ಳಾರಿ)

ಮೊದಲನೆಯದು, ಉಳಿದೆಲ್ಲ ಬಿಟ್ಟರೂ ಬಿಡಬಾರದ್ದು, ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲ್. ಹೊರಗಿನಿಂದ ಸಾದಾ ಕಟ್ಟಡ. ಒಳಗೆ ಗೋಡೆ, ಕಮಾನು, ಒಳಚಾವಣಿ ಒಂದನ್ನೂ ಬಿಡದೆ ಚಿತ್ರ. ಇಟಲಿಯಿಂದ ಬಂದ, ಜೆಸ್ವಿತ್ ಎಂಬ ಕ್ರೈಸ್ತ ಸನ್ಯಾಸಿ ಸಂಘದ ಸಹೋದರ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರ ನಡುವೆ ಬಿಡಿಸಿದ್ದು. ಗೋಡೆಯವು ಫ್ರೆಸ್ಕೊಗಳು. ಹಸಿ ಸುಣ್ಣದ ಗಾರೆಯ ಮೇಲೆ, ಅದು ಆರುವ ಮೊದಲೇ ಬಣ್ಣ ಹಚ್ಚಬೇಕಾದ ವಿಧಾನವಿದು. ಗಾರೆ ಗಟ್ಟಿಯಾಗುವಾಗ ಬಣ್ಣವೂ ಅದರೊಳಗೇ ಸೇರಿಹೋಗುತ್ತದೆ, ತಪ್ಪಿದರೆ ಕೆರೆದು ಮತ್ತೆ ಗಾರೆ ಬಳಿಯಬೇಕು. ಒಳಚಾವಣಿಯ ನಡುವಿನ ಚಿತ್ರಗಳು ಕ್ಯಾನ್‌ವಾಸ್ ಮೇಲಿನ ತೈಲಚಿತ್ರಗಳು, ಸಂತ ಅಲೋಶಿಯಸ್ ಗೊನ್ಸಾಗನ ಬದುಕಿನ ಘಟನೆಗಳು ಅಲ್ಲಿವೆ. ಒಳಗೆ ಹೋದವರು ನಿಂತು ಕತ್ತೆತ್ತಿ ಐದು ನಿಮಿಷದಲ್ಲಿ ಹೊರಬರುತ್ತಾರೆ. ಹಾಗೆ ಮಾಡಬೇಡಿ. ಹಿಂದಿನ ಬೆಂಚಿನಲ್ಲಿ ಕೂತು ಕಣ್ಣು ಒಳಗಿನ ಬೆಳಕಿಗೆ ಹೊಂದಿಕೊಳ್ಳಲಿ. ಆಮೇಲೆ ಕಂಬ, ಅಂಚುಪಟ್ಟಿಗಳಲ್ಲಿ ಯಾವುದು ನಿಜವಾದ ಉಬ್ಬು, ಯಾವುದು ಬರೀ ನೆರಳಿನ ಬಣ್ಣ ಎಂದು ಮಕ್ಕಳಿಗೆ ಗುರುತಿಸಲು ಹೇಳಿ, ಒಂದು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಒದ್ದೆ ಛತ್ರಿ, ರೇನ್‌ಕೋಟ್ ಹೊರಗೇ ಬಿಡಿ. ಇಂಥ ಚಿತ್ರಗಳಿಗೆ ತೇವವೇ ದೊಡ್ಡ ಶತ್ರು.

ಎರಡನೆಯದು ಪಿಲಿಕುಳ ನಿಸರ್ಗಧಾಮ. ಪೇಟೆಯಿಂದ ಹನ್ನೆರಡು ಕಿಲೋಮೀಟರ್ ಆಸುಪಾಸು, ವಾಮಂಜೂರಿನ ಬಳಿ. ಜೋರು ಮಳೆಯಿದ್ದರೆ ನೇರ ಸ್ವಾಮಿ ವಿವೇಕಾನಂದ ತಾರಾಲಯಕ್ಕೆ, ಹೊಳವಾದರೆ ಗುತ್ತಿನ ಮನೆ (ತುಳುನಾಡಿನ ಹಳೆಯ ದೊಡ್ಡ ಮನೆತನಗಳ ಮನೆಯ ಮಾದರಿ) ಮತ್ತು ಪ್ರಾಣಿಗಳ ಕಡೆಗೆ. ಕೆಂಪು ಮಣ್ಣಿನ ದಾರಿ ಜಾರುತ್ತದೆ. ಸೋಮವಾರ ರಜೆ. ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ವಸ್ತುಸಂಗ್ರಹಾಲಯಕ್ಕೂ ಸೋಮವಾರ ಹೋಗಬೇಡಿ. ಶನಿವಾರ, ಭಾನುವಾರ ಬೀಚಿನ ಹಿಂದೆ ಸುತ್ತಿ 'ಉಳಿದದ್ದು ಸೋಮವಾರ' ಎಂದುಕೊಂಡವರ ಲೆಕ್ಕ ತಪ್ಪುವುದು ಇಲ್ಲೇ.

ಕದ್ರಿ ಮಂಜುನಾಥ ದೇವಸ್ಥಾನವನ್ನು ಬೆಳಗ್ಗೆಯೇ ಇಟ್ಟುಕೊಳ್ಳಿ, ಮಧ್ಯಾಹ್ನದ ಪೂಜೆಯ ನಂತರ ಬಾಗಿಲು ಹಾಕಿದರೆ ತೆರೆಯುವುದು ಸಂಜೆ. ಅಲ್ಲಿನ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಮರೆಯದೆ ನೋಡಿ. ಆಳುಪ ದೊರೆ ಕುಂದವರ್ಮನ ಕಾಲದ್ದು, ಪೀಠದ ಶಾಸನ ಕ್ರಿ.ಶ. 968ರದ್ದು. ದೇವಸ್ಥಾನದ ಹಿಂಬದಿಯ ಕೆರೆಗಳು ಈಗ ತುಂಬಿರುತ್ತವೆ. ಮೆಟ್ಟಿಲುಗಳ ಪಾಚಿಯ ಮೇಲೆ ನಡುವಿನಲ್ಲಿ ನಡೆಯಬೇಡಿ, ಗೋಡೆಯ ಬದಿಯಲ್ಲಿ ಕೈ ಆನಿಸಿಕೊಂಡು ಇಳಿಯಿರಿ.

ಪ್ರಶ್ನೆ: ಆ ಎರಡು ದಿನಗಳಲ್ಲಿ ಭೂತಕೋಲವೋ ಬಯಲಾಟವೋ ನೋಡಲು ಸಿಗುತ್ತದೆಯೇ? (ಮೈಸೂರು)

ಕೋಲ ಸಿಗುವುದು ಕಷ್ಟ. ಮೇ 24ರ ಆಸುಪಾಸಿಗೆ ಬರುವ ಪತ್ತನಾಜೆಗೆ ಕೋಲ, ನೇಮ, ಜಾತ್ರೆಗಳಿಗೆ ತೆರೆ. ಯಕ್ಷಗಾನ ಬಯಲಾಟದ ಮೇಳಗಳೂ ಅಂದು ಗೆಜ್ಜೆ ಬಿಚ್ಚುತ್ತವೆ. ಮತ್ತೆ ಕಟ್ಟುವುದು ದೀಪಾವಳಿಯ ಹೊತ್ತಿಗೆ, ಕಂಬಳವೂ ಆ ನಂತರವೇ. ಪ್ರವಾಸಿಗರಿಗಾಗಿ ಕೋಲ ಏರ್ಪಡಿಸುತ್ತೇನೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಯಕ್ಷಗಾನದ ಆಸೆಯಿದ್ದರೆ ಸಭಾಂಗಣಗಳಲ್ಲಿ ನಡೆಯುವ ತಾಳಮದ್ದಳೆಗೆ ಹೋಗಿ, ವೇಷವಿಲ್ಲದೆ ಮಾತಿನಲ್ಲೇ ಕಟ್ಟುವ ಆ ಕಲೆಗೆ ಮಳೆಗಾಲವೇ ಸುಗ್ಗಿ. ಅಂದಿನ ಸ್ಥಳೀಯ ಪತ್ರಿಕೆಯ 'ಇಂದಿನ ಕಾರ್ಯಕ್ರಮ' ಅಂಕಣ ನೋಡಿದರೆ ಜಾಗ, ಹೊತ್ತು ತಿಳಿಯುತ್ತದೆ.

ಪ್ರಶ್ನೆ: ಜುಲೈಯಲ್ಲಿ ತಾಜಾ ಮೀನು ಸಿಗುವುದಿಲ್ಲ ಎನ್ನುತ್ತಾರೆ. ಹಾಗಾದರೆ ತಿನ್ನುವುದೇನು? (ಬೆಂಗಳೂರು)

ಅರ್ಧ ನಿಜ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಬಂದರಿನ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿ ನಿಂತಿರುತ್ತವೆ, ಅದೂ ನೋಡತಕ್ಕದ್ದೇ. ಪೂರ್ವ ಕರಾವಳಿಯಲ್ಲಿ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಅಲ್ಲಿನ ಮೀನು ಐಸ್‌ನಲ್ಲಿ ಲಾರಿ ಹತ್ತಿ ಬರುತ್ತದೆ. ದೊಡ್ಡ ಅಂಜಲ್ ತುಂಡು ತಟ್ಟೆಗೆ ಬಂದರೆ ಅದು ಸ್ಥಳೀಯವಲ್ಲ ಎಂದೇ ತಿಳಿಯಿರಿ. ನಾಡದೋಣಿಗಳಿಗೆ ನಿಷೇಧವಿಲ್ಲ. ಕಡಲು ತುಸು ತಣಿದ ದಿನ ಅವು ತರುವ ಮೀನು, ಹೊಳೆ ಮೀನು ಇವೇ ಆಗಿನ ತಾಜಾ ಸರಕು. ಹೋಟೆಲಿನಲ್ಲಿ 'ಇವತ್ತು ನಾಡದೋಣಿದು ಏನು ಬಂದಿದೆ' ಎಂದು ಕೇಳಿ, ಏನೂ ಇಲ್ಲವೆಂದರೆ ಕೋರಿ ರೊಟ್ಟಿ ತರಿಸಿ. ಮೀನಿಗಾಗಿಯೇ ಬರುವವರು ಆಗಸ್ಟ್ ಎರಡನೇ ವಾರದ ನಂತರ ಬರಲಿ.

ಈ ಕಾಲದ ಖಾಸಾ ತಿಂಡಿ ಪತ್ರೊಡೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳುವರ ಆಟಿ ತಿಂಗಳಲ್ಲಿ ಇದರದೇ ಕಾರುಬಾರು. ಕೆಸುವಿನ ಎಲೆಯ ದಪ್ಪ ನರ ಹೆರೆದು, ನೆನೆಸಿದ ಅಕ್ಕಿಗೆ ಮೆಣಸು, ಕೊತ್ತಂಬರಿ, ಹುಣಸೆಹುಳಿ, ಬೆಲ್ಲ ಸೇರಿಸಿ ರುಬ್ಬಿದ ಹಿಟ್ಟು ಸವರಿ, ಐದಾರು ಎಲೆ ಒಂದರ ಮೇಲೊಂದು ಇಟ್ಟು ಸುರುಳಿ ಸುತ್ತಿ, ಸುಮಾರು ಒಂದು ಗಂಟೆ ಹಬೆಯಲ್ಲಿ ಬೇಯಿಸುತ್ತಾರೆ. ಗಂಟಲು ತುರಿಸಿದರೆ ಹುಳಿ ಸಾಲಲಿಲ್ಲ ಅಥವಾ ಬೆಂದದ್ದು ಸಾಲಲಿಲ್ಲ: ಕೆಸುವಿನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳ ಕೆಲಸ ಅದು. ಮರದ ಕೊಂಬೆಯ ಮೇಲೆ ಮಳೆಗಾಲದಲ್ಲಷ್ಟೇ ಚಿಗುರುವ ಮರಕೆಸುವಿನದು ಸಿಕ್ಕರೆ ಎರಡು ತುಂಡು ಹೆಚ್ಚಿಗೆ ಹಾಕಿಸಿಕೊಳ್ಳಿ. ಗೋಳಿಬಜೆ, ಬನ್ಸ್ ಯಾವ ಕಾಲಕ್ಕೂ ಇವೆ.

ಆಟಿ ಅಮಾವಾಸ್ಯೆಯ ಹಾಲೆಮರದ ಕಷಾಯ ಕುಡಿಯುವ ಕುತೂಹಲವಿದ್ದರೆ ಬಲ್ಲವರ ಮನೆಯಲ್ಲಿ ಕೊಟ್ಟದ್ದನ್ನು ಕುಡಿಯಿರಿ. ತೊಗಟೆ ನೀವೇ ಕೆತ್ತಲು ಹೋಗಬೇಡಿ, ಕಾಸರಕದ ಮರಕ್ಕೂ ಹಾಲೆಮರಕ್ಕೂ ಗುರುತು ತಪ್ಪಿದರೆ ಜೀವಕ್ಕೇ ಸಂಚಕಾರ.

ಪ್ರಶ್ನೆ: ಘಾಟಿಯಲ್ಲಿ ಗುಡ್ಡ ಕುಸಿದರೆ ಏನು ಮಾಡುವುದು? (ಹಾಸನ)

ಶಿರಾಡಿ ಮುಚ್ಚಿದರೆ ಚಾರ್ಮಾಡಿ, ಅದೂ ಆಗದಿದ್ದರೆ ಮಡಿಕೇರಿ–ಸಂಪಾಜೆ. ಆದರೆ ಒಂದು ಘಾಟಿಯಲ್ಲಿ ಮಣ್ಣು ಜರಿಯುವಷ್ಟು ಮಳೆಯಾದ ದಿನ ಉಳಿದವೂ ಸುಖವಾಗಿರುವುದಿಲ್ಲ. ಘಾಟಿಯನ್ನು ಹಗಲಲ್ಲೇ ಇಳಿಯಿರಿ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಹಗಲು ರೈಲಿನಲ್ಲಿ ಮಳೆಗಾಲದ ಝರಿಗಳು ಕಾಣುತ್ತವೆ, ಆದರೆ ಹಳಿಯ ಮೇಲೆ ಮಣ್ಣು ಬಿದ್ದರೆ ಅದೂ ನಿಲ್ಲುತ್ತದೆ. ಉಡುಪಿ, ಕಾರವಾರ ಕಡೆಯಿಂದ ಕೊಂಕಣ ರೈಲಿನಲ್ಲಿ ಬರುವವರು ಗಮನಿಸಿ: ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಇರುತ್ತದೆ, ಬೇಸಿಗೆಯ ಸಮಯ ನಂಬಿ ಹೋದರೆ ರೈಲು ತಪ್ಪೀತು. ವಿಮಾನವೂ ಖಾತ್ರಿಯಲ್ಲ. ನಿಲ್ದಾಣ ಗುಡ್ಡದ ತುದಿಯಲ್ಲಿದೆ, ಮೋಡ ಮುಚ್ಚಿದರೆ ಬೆಂಗಳೂರಿಗೋ ಕೇರಳದ ಕಡೆಗೋ ತಿರುಗಿಸುತ್ತಾರೆ. ವಾಪಸ್ಸು ಹೊರಡುವ ದಿನ ಮುಖ್ಯ ಕೆಲಸ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಬಟ್ಟೆ, ಚಪ್ಪಲಿ, ಕ್ಯಾಮೆರಾ? (ಗದಗ)

ಜೀನ್ಸ್ ಬೇಡ, ಒಮ್ಮೆ ಒದ್ದೆಯಾದರೆ ಎರಡು ದಿನ ಆರುವುದಿಲ್ಲ. ಚರ್ಮದ ಬೂಟಿಗೆ ಬೂಸ್ಟು ಹಿಡಿಯುತ್ತದೆ, ಹಿಂದೆ ಪಟ್ಟಿಯಿರುವ ರಬ್ಬರ್ ಚಪ್ಪಲಿ ತನ್ನಿ. ಕಾಲಲ್ಲಿ ಗಾಯವಿದ್ದರೆ ನಿಂತ ನೀರಿಗೆ ಇಳಿಯಬೇಡಿ, ಇಲಿಜ್ವರ ಬರುವ ದಾರಿ ಅದು. ಕಡಲಗಾಳಿಗೆ ಮೂರು ಮಡಿಕೆಯ ಛತ್ರಿ ಉಲ್ಟಾ ಹೊಡೆಯುತ್ತದೆ, ಉದ್ದ ಕೋಲಿನದ್ದೇ ಸರಿ. ಕ್ಯಾಮೆರಾವನ್ನು ಎ.ಸಿ. ರೂಮಿನಿಂದ ನೇರ ಹೊರಗೆ ತೆಗೆದರೆ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಚೀಲದ ಬಾಯಿ ಬಿಗಿದು ಇಪ್ಪತ್ತು ನಿಮಿಷ ಹೊರಗಿಟ್ಟು, ಆಮೇಲೆ ತೆಗೆಯಿರಿ. ಸೊಳ್ಳೆಬತ್ತಿ ಕೇಳಿದರೆ ಹೋಟೆಲಿನವರೇ ಕೊಡುತ್ತಾರೆ, ಕೇಳಿ ಪಡೆಯಿರಿ.