ನ್ಯೂಟ್ರೋಫಿಲ್‌ಗಳು ಬರುವ ಮೊದಲು, ಬಂದ ಮೇಲೆ: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಪ್ರಿಯ ಲೇಖಕರಿಗೆ, ನಮಸ್ಕಾರಗಳು.

ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾಗಳನ್ನು ನಮ್ಮ ಜನ್ಮಜಾತ ರಕ್ಷಣಾ ವ್ಯವಸ್ಥೆ ಹೇಗೆ ಎದುರಿಸುತ್ತದೆ ಎಂಬುದನ್ನು ಕುರಿತ ನಿಮ್ಮ ಲೇಖನ ತಲುಪಿತು. ಮೂಗಿನಿಂದ ಶ್ವಾಸನಾಳದವರೆಗಿನ ವಿವರಣೆ ಚೆನ್ನಾಗಿದೆ. ಲೋಳೆಯನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳ ಕೆಲಸವನ್ನು ತಪ್ಪಿಲ್ಲದೆ ಬರೆದಿದ್ದೀರಿ. ಆ ಭಾಗದ ಬಗ್ಗೆ ನನ್ನ ಆಕ್ಷೇಪಣೆ ಏನೂ ಇಲ್ಲ. ಆದರೆ ಮೂರನೆಯ ಪ್ಯಾರಾದಿಂದ ಮುಂದಕ್ಕೆ ಓದುತ್ತ ಹೋದಂತೆ ಬೇಸರವಾಯಿತು, ಕೊನೆಯ ಪ್ಯಾರಾಕ್ಕೆ ಬಂದಾಗ ಸಿಟ್ಟೇ ಬಂತು. ಈ ಪತ್ರ ಆ ಭಾಗಕ್ಕಷ್ಟೇ ಸಂಬಂಧಿಸಿದ್ದು.

"ಬ್ಯಾಕ್ಟೀರಿಯಾ ಗಾಳಿಗೂಡನ್ನು ಹೊಕ್ಕ ಕೂಡಲೇ ನ್ಯೂಟ್ರೋಫಿಲ್‌ಗಳು ಧಾವಿಸಿ ಬಂದು ಅವನ್ನು ನಾಶಮಾಡುತ್ತವೆ" ಎಂದು ಬರೆದಿದ್ದೀರಿ. ಗಾಳಿಗೂಡು ಎಂದರೆ ಶ್ವಾಸಕೋಶದ ತುದಿಯ ಪುಟ್ಟ ಗಾಳಿಚೀಲ, ನ್ಯೂಟ್ರೋಫಿಲ್ ಎಂದರೆ ರಕ್ತದಲ್ಲಿರುವ ಒಂದು ಬಗೆಯ ಬಿಳಿ ರಕ್ತಕಣ. ಅವು ಬ್ಯಾಕ್ಟೀರಿಯಾ ಹೊಕ್ಕ ಕೂಡಲೇ ಬರುವುದಿಲ್ಲ. ವಯಸ್ಕರೊಬ್ಬರ ಶ್ವಾಸಕೋಶದೊಳಕ್ಕೆ ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಹೋಗಿ ಬರುತ್ತದೆ. ನಿದ್ದೆಯಲ್ಲಿ ಗಂಟಲಿನ ಸ್ರಾವ ಒಂದಿಷ್ಟು ಒಳಕ್ಕೆ ಜಾರುವುದು ಆರೋಗ್ಯವಂತರಲ್ಲೂ ಉಂಟು. ಹಾಗೆ ಇಳಿದ ಒಂದೊಂದು ಬ್ಯಾಕ್ಟೀರಿಯಾಕ್ಕೂ ನ್ಯೂಟ್ರೋಫಿಲ್‌ಗಳು ಗುಂಪುಗೂಡುವುದಾದರೆ ನಾವು ದಿನವೂ ನ್ಯುಮೋನಿಯಾದಿಂದ ಮಲಗಬೇಕಿತ್ತು. ಹಾಗಾಗದಂತೆ ನೋಡಿಕೊಳ್ಳುವುದು ಗಾಳಿಗೂಡಿನೊಳಗೆ ನೆಲೆಸಿರುವ, ಸೂಕ್ಷ್ಮಾಣುಗಳನ್ನು ನುಂಗುವ ಕೋಶಗಳಾದ ಮ್ಯಾಕ್ರೋಫೇಜ್‌ಗಳು. ಇವುಗಳ ಮೂಲಕಣಗಳು ಭ್ರೂಣದ ಹಂತದಲ್ಲಿಯೇ ಶ್ವಾಸಕೋಶ ಸೇರಿ, ಹುಟ್ಟಿನ ಆಸುಪಾಸಿನಲ್ಲಿ ಪಕ್ವಗೊಂಡು, ಆಮೇಲೆ ಬಹುಮಟ್ಟಿಗೆ ಅಲ್ಲಿಯೇ ವಿಭಜಿಸುತ್ತ ತಮ್ಮ ಸಂಖ್ಯೆಯನ್ನು ಕಾಯ್ದುಕೊಳ್ಳುತ್ತವೆ. ಗಾಳಿಗೂಡಿನ ಒಳಮೈಗೆ ಹರಡಿಕೊಂಡು ಅದು ಮುದುಡದಂತೆ ಕಾಯುವ ಸರ್ಫ್ಯಾಕ್ಟಂಟ್ ಪದರದಲ್ಲಿರುವ ಎ ಮತ್ತು ಡಿ ಪ್ರೋಟೀನುಗಳು ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡು ಅದನ್ನು ನುಂಗಲು ಸುಲಭ ಮಾಡಿಕೊಡುತ್ತವೆ. ಮ್ಯಾಕ್ರೋಫೇಜ್ ನುಂಗಿ ಜೀರ್ಣಿಸಿಕೊಳ್ಳುತ್ತದೆ, ಉರಿಯೂತವಿಲ್ಲದೆ, ಜ್ವರವಿಲ್ಲದೆ, ನಮಗೆ ತಿಳಿಯದಂತೆ ಕೆಲಸ ಮುಗಿದಿರುತ್ತದೆ. ರೋಮಗಳೇ ಇಲ್ಲದ ಆ ಆಳದಲ್ಲಿ ದಿನನಿತ್ಯದ ರಕ್ಷಣೆ ಎಂದರೆ ಮುಖ್ಯವಾಗಿ ಇದೇ, ಮತ್ತು ನಿಮ್ಮ ಲೇಖನದಲ್ಲಿ ಇದಕ್ಕೆ ಒಂದು ವಾಕ್ಯವೂ ದೊರೆತಿಲ್ಲ.

ನ್ಯೂಟ್ರೋಫಿಲ್‌ಗಳಿಗೆ ಕರೆ ಹೋಗುವುದು ಈ ಏರ್ಪಾಡು ಸಾಲದೆ ಹೋದಾಗ. ಇಳಿದ ಬ್ಯಾಕ್ಟೀರಿಯಾಗಳ ಸಂಖ್ಯೆ ಮಿತಿಮೀರಿರಬಹುದು, ಅಥವಾ ನ್ಯುಮೋನಿಯಾ ತರುವ ಮುಖ್ಯ ಬ್ಯಾಕ್ಟೀರಿಯಾವಾದ ನ್ಯುಮೊಕಾಕಸ್‌ನಂತೆ ಅದರ ಸುತ್ತ ನುಂಗಲು ಬಿಡದ ಸಕ್ಕರೆಯ ಹೊದಿಕೆ ಇರಬಹುದು. 2011ರ ವೈದ್ಯಕೀಯ ನೊಬೆಲ್ ಪಡೆದವರಲ್ಲಿ ಬ್ರೂಸ್ ಬಾಯ್ಟ್ಲರ್ ಮತ್ತು ಜೂಲ್ಸ್ ಹಾಫ್‌ಮನ್ ಅವರ ಹೆಸರನ್ನು ನೀವು ಬರೆದಿದ್ದೀರಿ, ಆದರೆ ಅವರ ಶೋಧ ಯಾವ ಪ್ರಶ್ನೆಗೆ ಉತ್ತರವಾಯಿತೋ ಆ ಪ್ರಶ್ನೆಯನ್ನೇ ಬಿಟ್ಟಿದ್ದೀರಿ: ಹಿಂದೆಂದೂ ಕಾಣದ ಬ್ಯಾಕ್ಟೀರಿಯಾವನ್ನು ಜೀವಕೋಶ ಗುರುತಿಸುವುದು ಹೇಗೆ? ಬ್ಯಾಕ್ಟೀರಿಯಾಗಳ ಹೊರಮೈಯಲ್ಲಿ ಇರಲೇಬೇಕಾದ, ನಮ್ಮ ದೇಹದಲ್ಲಿ ಇಲ್ಲದ ಕೆಲವು ಅಣುಗಳನ್ನು ನಮ್ಮ ಕೋಶಗಳಲ್ಲಿರುವ ಟೋಲ್ ಮಾದರಿಯ ಗ್ರಾಹಕಗಳೆಂಬ ಪ್ರೋಟೀನುಗಳು ಹಿಡಿಯುತ್ತವೆ. ಆಗ ಮ್ಯಾಕ್ರೋಫೇಜ್‌ಗಳೂ ಗಾಳಿಗೂಡಿನ ಗೋಡೆಯ ಕೋಶಗಳೂ ಸಂಕೇತ ಪ್ರೋಟೀನುಗಳನ್ನು ಬಿಡುಗಡೆ ಮಾಡುತ್ತವೆ. ನ್ಯೂಟ್ರೋಫಿಲ್‌ಗಳೆಲ್ಲ ಬಹುದೂರದಿಂದ ಧಾವಿಸಬೇಕಾಗಿಯೂ ಇಲ್ಲ. ಶ್ವಾಸಕೋಶದ ಲೋಮನಾಳಗಳೆಂಬ ಅತಿ ಸೂಕ್ಷ್ಮ ರಕ್ತನಾಳಗಳಲ್ಲಿ ಹಲವು ಅವುಗಳ ಗಾತ್ರಕ್ಕಿಂತ ಕಿರಿದು. ನ್ಯೂಟ್ರೋಫಿಲ್‌ಗಳು ಮೈಯನ್ನು ಉದ್ದಕ್ಕೆ ಎಳೆದುಕೊಂಡು ನುಸುಳುತ್ತ ನಿಧಾನವಾಗಿ ಸಾಗುವುದರಿಂದ, ಕರೆ ಬರುವ ಮೊದಲೇ ದೊಡ್ಡ ಸಂಖ್ಯೆಯಲ್ಲಿ ಅಲ್ಲಿರುತ್ತವೆ.

ಇನ್ನು "ನಾಶಮಾಡುತ್ತವೆ" ಎಂಬ ಕ್ರಿಯಾಪದ. ಮೂರನೆಯ ಪ್ಯಾರಾದ ನಂತರ ಹೆಚ್ಚುಕಡಿಮೆ ಪ್ರತಿಯೊಂದು ವಾಕ್ಯವೂ ಇದರಲ್ಲಿಯೇ ಮುಗಿಯುತ್ತದೆ, ಹೇಗೆ ಎಂಬುದನ್ನು ಎಲ್ಲಿಯೂ ಹೇಳಿಲ್ಲ. ನಾನು ಈ ಕೆಲಸ ಕಲಿತದ್ದು ರೋಗಶಾಸ್ತ್ರ ಬೋಧಿಸಿ ನಿವೃತ್ತರಾಗಿದ್ದ ಹಿರಿಯ ಸಂಪಾದಕರೊಬ್ಬರ ಕೈಕೆಳಗೆ. ನ್ಯುಮೋನಿಯಾ ಕುರಿತು ಬರೆಯುತ್ತೇನೆ ಎಂದಾಗ ಅವರು ಪುಸ್ತಕ ಕೊಡಲಿಲ್ಲ. ತಾವು ಪಾಠ ಮಾಡುತ್ತಿದ್ದ ಕಾಲೇಜಿನ ರೋಗಶಾಸ್ತ್ರ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ, ಫಾರ್ಮಲಿನ್‌ನಲ್ಲಿಟ್ಟ ಒಂದು ಶ್ವಾಸಕೋಶದ ಮುಂದೆ ನಿಲ್ಲಿಸಿದರು. ಅದರ ಮೇಲ್ಭಾಗ ಸ್ಪಂಜಿನಂತೆ ಹಗುರವಾಗಿ ಕಾಣುತ್ತಿತ್ತು. ಕೆಳಗಿನ ಹಾಲೆ ಮಾತ್ರ ಬೂದುಬಣ್ಣಕ್ಕೆ ತಿರುಗಿ ಯಕೃತ್ತಿನಂತೆ ಗಟ್ಟಿಯಾಗಿತ್ತು. "ಇದನ್ನು ಹೀಗೆ ತುಂಬಿದವರು ಯಾರು?" ಎಂದು ಕೇಳಿದರು. ಬ್ಯಾಕ್ಟೀರಿಯಾ ಎಂಬುದು ಯಾರಿಗೂ ಮೊದಲು ಹೊಳೆಯುವ ಉತ್ತರ. ಅವರು ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದು ಗಾಳಿಗೂಡುಗಳಲ್ಲಿ ಕಿಕ್ಕಿರಿದಿದ್ದ ನ್ಯೂಟ್ರೋಫಿಲ್‌ಗಳನ್ನು ಮತ್ತು ರಕ್ತ ಹೆಪ್ಪುಗಟ್ಟುವಾಗ ಮೂಡುವ ಫೈಬ್ರಿನ್ ಎಳೆಗಳನ್ನು. ಗಾಳಿ ಇರಬೇಕಾದ ಜಾಗವನ್ನು ತುಂಬಿದ್ದು ಬಹುಪಾಲು ರೋಗಿಯ ರಕ್ತದಿಂದಲೇ ಇಳಿದು ಬಂದದ್ದು. ಅದಾದ ಮೇಲೆ ನನ್ನ ಕರಡುಗಳ ಅಂಚಿನಲ್ಲಿ ಅವರು ಬರೆಯುತ್ತಿದ್ದ ಟಿಪ್ಪಣಿ ಸಾಮಾನ್ಯವಾಗಿ ಒಂದೇ: "ಹೇಗೆ?"

ನೀವೂ ಅದನ್ನು ಕೇಳಿಕೊಂಡಿದ್ದರೆ ಲೇಖನ ಬೇರೆಯೇ ಆಗುತ್ತಿತ್ತು. ನ್ಯೂಟ್ರೋಫಿಲ್ ಬ್ಯಾಕ್ಟೀರಿಯಾವನ್ನು ನುಂಗಿ, ಒಂದು ಕಿಣ್ವದ ನೆರವಿನಿಂದ ಆಮ್ಲಜನಕವನ್ನು ಬಳಸಿ ವಿಷಕಾರಿ ಅಣುಗಳನ್ನು ತಯಾರಿಸಿ ಅದರ ಮೇಲೆ ಸುರಿಯುತ್ತದೆ. ಆ ಕಿಣ್ವ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಲ್ಲಿ ಸ್ಟೆಫಿಲೊಕಾಕಸ್ ಆರಿಯಸ್‌ನ ಸೋಂಕು ಮರುಕಳಿಸುತ್ತಲೇ ಇರುತ್ತದೆ, ಆದರೆ ನ್ಯುಮೊಕಾಕಸ್ ಅವರನ್ನು ಅಷ್ಟಾಗಿ ಕಾಡುವುದಿಲ್ಲ. ಅದನ್ನು ಕೊಲ್ಲುವಲ್ಲಿ ಎಲಾಸ್ಟೇಸ್‌ನಂತಹ, ಪ್ರೋಟೀನು ಕತ್ತರಿಸುವ ಕಿಣ್ವಗಳ ಪಾತ್ರ ದೊಡ್ಡದು. ಅದೇ ಎಲಾಸ್ಟೇಸ್ ಕೋಶದಿಂದ ಹೊರಕ್ಕೆ ಸೋರಿದರೆ ಶ್ವಾಸಕೋಶಕ್ಕೆ ಸ್ಥಿತಿಸ್ಥಾಪಕತೆ ಕೊಡುವ ಎಲಾಸ್ಟಿನ್ ನಾರನ್ನೂ ಕತ್ತರಿಸುತ್ತದೆ. ರಕ್ತ ಮತ್ತು ಗಾಳಿಯ ನಡುವಿನ ಗೋಡೆ ಬಹುಭಾಗದಲ್ಲಿ ಒಂದು ಮೈಕ್ರೋಮೀಟರಿಗಿಂತ ತೆಳು. ಇಷ್ಟು ತಿಳಿದವರು "ನ್ಯೂಟ್ರೋಫಿಲ್‌ಗಳು ಎಷ್ಟು ಹೆಚ್ಚು ಬಂದರೆ ಅಷ್ಟು ಬೇಗ ಗುಣ" ಎಂಬ ನಿಮ್ಮ ಐದನೆಯ ಪ್ಯಾರಾದ ವಾಕ್ಯವನ್ನು ಬರೆಯಲಾರರು. ಅವು ತೀರಾ ಕಡಿಮೆಯಾದರೂ ರೋಗಿ ಉಳಿಯುವುದು ಕಷ್ಟ, ಅದು ನಿಜ. ಆದರೆ ಗುಣವಾಗುವುದೆಂದರೆ ಬಂದ ನ್ಯೂಟ್ರೋಫಿಲ್‌ಗಳು ಒಡೆದು ಚೆಲ್ಲದೆ ಕ್ರಮಬದ್ಧವಾಗಿ ಸಾಯಬೇಕು, ಮ್ಯಾಕ್ರೋಫೇಜ್‌ಗಳು ಅವುಗಳನ್ನು ನುಂಗಿ ಉರಿಯೂತವನ್ನು ತಗ್ಗಿಸುವ ಸಂಕೇತಗಳನ್ನು ಹೊರಡಿಸಬೇಕು, ಗೋಡೆಯ ಕೋಶಗಳು ಮತ್ತೆ ಬೆಳೆಯಬೇಕು. ನೀವು ಇದೆಲ್ಲವನ್ನೂ "ಸೋಂಕು ನಾಶವಾಗಿ ರೋಗಿ ಗುಣಮುಖನಾಗುತ್ತಾನೆ" ಎಂಬ ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ.

ನನಗೆ ಸಿಟ್ಟು ತಂದ ಕೊನೆಯ ಪ್ಯಾರಾ, "ಆದ್ದರಿಂದ ಎಲ್ಲರೂ ಕಷಾಯ, ಪುಡಿ, ಮಾತ್ರೆಗಳಿಂದ ರೋಗನಿರೋಧಕ ಶಕ್ತಿಯನ್ನು ಆದಷ್ಟು ಹೆಚ್ಚಿಸಿಕೊಳ್ಳಬೇಕು" ಎನ್ನುತ್ತದೆ. ಇದನ್ನು ಓದುಗರು ನಂಬುತ್ತಾರೆ, ಅದಕ್ಕಾಗಿ ಹಣ ಕೊಡುತ್ತಾರೆ, ಜ್ವರ ಬಂದಾಗ ವೈದ್ಯರ ಬಳಿ ಹೋಗುವುದನ್ನು ಮುಂದೂಡುತ್ತಾರೆ. ಫ್ರಾನ್ಸಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ತೀವ್ರ ನಿಗಾ ಘಟಕದಲ್ಲಿದ್ದ ಸುಮಾರು 800 ತೀವ್ರ ನ್ಯುಮೋನಿಯಾ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಉಳಿದ ಚಿಕಿತ್ಸೆಯ ಜೊತೆಗೆ ಉರಿಯೂತವನ್ನು ತಗ್ಗಿಸುವ ಹೈಡ್ರೊಕಾರ್ಟಿಸೋನ್ ಕೊಡಲಾಯಿತು. 28 ದಿನಗಳೊಳಗೆ ಅವರಲ್ಲಿ ಸತ್ತವರು ಶೇ. 6.2, ಔಷಧಿ ಸಿಗದವರಲ್ಲಿ ಶೇ. 11.9. ಫ್ಲೂನಿಂದ ಬಂದ ನ್ಯುಮೋನಿಯಾದವರನ್ನು ಅದರಲ್ಲಿ ಸೇರಿಸಿರಲಿಲ್ಲ, ಆದ್ದರಿಂದ ಇದು ಎಲ್ಲರಿಗೂ ಹೇಳುವ ಮಾತಲ್ಲ. ಆದರೂ ರಕ್ಷಣಾ ವ್ಯವಸ್ಥೆಯ ಪ್ರತಿಕ್ರಿಯೆಯನ್ನು ತಗ್ಗಿಸಿದ್ದರಿಂದಲೇ ಜನ ಬದುಕಿದ ಉದಾಹರಣೆ ಇರುವಾಗ, ಅದನ್ನು ಆದಷ್ಟು ಹೆಚ್ಚಿಸಿ ಎಂದು ನಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಲು ನಾನು ಒಪ್ಪಲಾರೆ.

ಮೊದಲ ಎರಡು ಪ್ಯಾರಾಗಳನ್ನು ಹಾಗೆಯೇ ಇಡಿ. ಮೂರರಿಂದ ಆರನ್ನು ಹೊಸದಾಗಿ ಬರೆಯಿರಿ, ಮ್ಯಾಕ್ರೋಫೇಜ್‌ಗಳಿಂದ ಆರಂಭಿಸಿ. ಕೊನೆಯ ಪ್ಯಾರಾ ತೆಗೆದುಹಾಕಿ ಅದರ ಜಾಗದಲ್ಲಿ ಬೀಡಿ ಸಿಗರೇಟಿನ ಹೊಗೆ ರೋಮಗಳನ್ನೂ ಮ್ಯಾಕ್ರೋಫೇಜ್‌ಗಳನ್ನೂ ಹೇಗೆ ಕುಂದಿಸುತ್ತದೆ, ಸೌದೆ ಒಲೆಯ ಹೊಗೆಯಿಂದ ಮಕ್ಕಳಲ್ಲಿ ನ್ಯುಮೋನಿಯಾ ಏಕೆ ಹೆಚ್ಚು, ನ್ಯುಮೊಕಾಕಸ್ ಲಸಿಕೆಯಿಂದ ಮೂಡುವ ಪ್ರತಿಕಾಯಗಳು ಆ ಸಕ್ಕರೆಯ ಹೊದಿಕೆಗೆ ಅಂಟಿಕೊಂಡು ನುಂಗುವ ಕೋಶಗಳಿಗೆ ಹೇಗೆ ನೆರವಾಗುತ್ತವೆ ಎಂಬುದನ್ನು ಬರೆಯಿರಿ. ತಿದ್ದಿದ ಪ್ರತಿ ಬಂದ ಮೇಲೆ ಚಿತ್ರಗಳ ವಿಚಾರ ಮಾತನಾಡೋಣ.

ವಿಶ್ವಾಸದಿಂದ,
ಸಂಪಾದಕ